ಟವೆಲ್ಲಿನ ಕೆಳಗೆ ಹಿಡಿದ ಹತ್ತು ವರ್ಷ

ನಮ್ಮ ಭಾವನವರು ಗಂಟಲು ಸರಿಮಾಡಿಕೊಂಡರೆಂದರೆ ಇಳಕಲ್ಲಿನ ನಮ್ಮ ನೇಕಾರರ ಸಂಘದಲ್ಲಿ ಅಂದಿನ ಚರ್ಚೆ ಮುಗಿಯಿತೆಂದೇ ಅರ್ಥ. ಅವರು ನನ್ನ ಗಂಡನ ಅಣ್ಣ, ಸಂಘದ ಅಧ್ಯಕ್ಷರು, ಊರಿನ ಹಿರಿಯರು. ಮೊದಲು ಅವರು ಒಂದು ಮಾತು ಹೇಳುತ್ತಾರೆ. ಆಮೇಲೆ ಚಾಪೆಯ ಮೇಲೆ ಕೂತವರೆಲ್ಲ ಸಾಲಾಗಿ "ಹೂಂನ್ರಿ" ಅನ್ನುತ್ತಾರೆ. ಆಮೇಲೆ ಚಹಾ ಬರುತ್ತದೆ. ಇಷ್ಟಕ್ಕೆ ಮೀಟಿಂಗು ಅಂತ ಹೆಸರು. ಹೆಂಗಸರ ಪರವಾಗಿ ಸಮಿತಿಯಲ್ಲಿ ಒಂದು ಜಾಗ ಇರಬೇಕೆಂಬ ನಿಯಮಕ್ಕಾಗಿ ನನ್ನನ್ನು ಕೂರಿಸಿದ್ದರು. ಆದರೆ ನಮ್ಮ ಮನೆತನದ ಪದ್ಧತಿ ಇನ್ನೊಂದಿತ್ತು. ತಮ್ಮನ ಹೆಂಡತಿ ಭಾವನ ಎದುರು ಮುಖ ಕೊಟ್ಟು ಮಾತಾಡುವಂತಿಲ್ಲ, ಭಾವನೂ ಅವಳೊಡನೆ ನೇರ ಮಾತಾಡುವಂತಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅವರು ನನಗೆ ಹೇಳಬೇಕಾದದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು. ಗೋಡೆಗಳಿಗೆ ಬಾಯಿ ಇದ್ದಿದ್ದರೆ ನನ್ನ ಪರವಾಗಿ ಎಷ್ಟೋ ಜಗಳ ಆಡುತ್ತಿದ್ದವು.

ಆ ವರ್ಷ ಸರ್ಕಾರದ ಒಂದು ಯೋಜನೆ ಬಂತು. ಹೊಸ ತಂತ್ರಜ್ಞಾನ ತರುವ ಸಂಘಕ್ಕೆ ನೆರವು. ಯಾವುದು ಬೇಕೋ ಅದನ್ನು ಸಂಘವೇ ತೀರ್ಮಾನಿಸಿ ಠರಾವು ಕಳಿಸಬೇಕು, ಒಮ್ಮೆ ಕಳಿಸಿದರೆ ಬದಲಿಸುವಂತಿಲ್ಲ. ಭಾವನವರು ಗಂಟಲು ಸರಿಮಾಡಿಕೊಂಡರು.

"ಕೈಮಗ್ಗದ ಕಾಲ ಮುಗೀತು. ಪವರ್‌ಲೂಮ್ ತರೂಣು. ಹಿಂದಿನ ಕ್ವಾಣಿ ಒಡದು ಶೆಡ್ ಮಾಡೂಣು."

"ಹೂಂನ್ರಿ."

"ಹೂಂನ್ರಿ."

ಹಿಂದಿನ ಕೋಣೆಯೆಂದರೆ ನಮ್ಮದು. ಕೊಂಡಿ ಹಾಕುವ ಹೆಂಗಸರದು. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಕುವ ಎಳೆ. ನಮ್ಮ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೆ ಸೆರಗು ರೇಷ್ಮೆಯದು. ಇವೆರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಅನ್ನುತ್ತೇವೆ. ಒಂದು ಸೀರೆಗೆ ಒಂದು ಹಾಸು, ಒಂದು ಕೊಂಡಿ. ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ. ಪವರ್‌ಲೂಮಿಗೆ ಈ ತಾಳ್ಮೆ ಇಲ್ಲ. ಅದಕ್ಕೆ ಉದ್ದಕ್ಕೂ ಒಂದೇ ಹಾಸು ಬೇಕು, ನಿಲ್ಲದೆ ಓಡಬೇಕು. ಅದು ಬಂದರೆ ಕೊಂಡಿ ಇಲ್ಲ, ಕೊಂಡಿ ಇಲ್ಲದಿದ್ದರೆ ನಮಗೆ ಕೆಲಸವಿಲ್ಲ. ನನ್ನ ಪಕ್ಕದಲ್ಲೇ ಕೂತು ಕೊಂಡಿ ಹಾಕುವ ಆಪಾ, ನಮ್ಮ ಓಣಿಯ ಮುಸಲ್ಮಾನರ ಮನೆಯವಳು, ಗಂಡ ತೀರಿಕೊಂಡ ಮೇಲೆ ಈ ಬೆರಳುಗಳಿಂದಲೇ ಮನೆ ನಡೆಸಿದವಳು. ಮೀಟಿಂಗಿನ ಸುದ್ದಿ ಕೇಳಿ ಅವಳು ಕೈಯಲ್ಲಿದ್ದ ಎಳೆ ಬಿಡಲಿಲ್ಲ. "ಮುಂದ ಏನ್ ಮಾಡೂದವಾ?" ಎಂದು ಮಾತ್ರ ಕೇಳಿದಳು.

ನನಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತವೆ. ಅವತ್ತು ಮೀಟಿಂಗಿನಲ್ಲೇ ಬಿಸಿಯಾಗಿದ್ದವು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಾನೂ ಗೋಡೆಗೇ ಕೇಳಿದ್ದೆ: "ಕೊಂಡಿ ಹಾಕೋರು ಏನ್ ಮಾಡಬೇಕಂತ?"

ಭಾವನವರು ಎದುರಿನ ಗೋಡೆಗೆ ಉತ್ತರ ಕೊಟ್ಟರು: "ಕಾಲ ಬದಲಾಗೈತಿ ಅಂತ ಹೇಳ್ರಿ ಅಕಿಗೆ."

ಚೀಲದಿಂದ ಒಂದು ಸೀರೆ ತೆಗೆದು ಹರವಿದರು. ಬಾದಾಮಿಯಲ್ಲಿ ಗುಹೆ ನೋಡಲು ಬರುವವರಿಗೆ ಮಾರುವ ಅಂಗಡಿಯಿಂದ ತಂದದ್ದು. ಪೂರಾ ಮಶೀನಿನದು. ಕೆಂಪು ಸೆರಗು, ಬಿಳಿಯ ತೆನೆಗಳ ಚಿತ್ತಾರ, ದೂರದಿಂದ ನೋಡಿದರೆ ನಮ್ಮದೇ. ಎಲ್ಲರೂ ಬಗ್ಗಿ ನೋಡಿದರು. ನಾನು ಸೆರಗು ಮಗುಚಿ ನೋಡಿದೆ. ಕೂಡಿಕೆ ಇರಬೇಕಾದಲ್ಲಿ ಬರೀ ಬಣ್ಣ ಬದಲಾಗಿತ್ತು, ಕೊಂಡಿ ಎಲ್ಲಿಯೂ ಇರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಚಹಾ ಬಂದುಬಿಟ್ಟಿತು.

ಆದರೆ ಆ ಯೋಜನೆಯಲ್ಲಿ ಒಂದು ಒಳ್ಳೆಯ ಷರತ್ತು ಇತ್ತು. ಠರಾವು ಬರೆಯುವ ಮೊದಲು ಸದಸ್ಯರೆಲ್ಲ ಕೂತು ಮುಂದಿನ ಹತ್ತು ವರ್ಷ ಹೇಗಿರಬಹುದು ಎಂದು ಅಂದಾಜು ಮಾಡಬೇಕು. ಅದನ್ನು ಮಾಡಿಸಲು ಬಾಗಲಕೋಟೆಯ ಒಂದು ಕಾಲೇಜಿನಿಂದ ಮೇಡಂ ಬಂದರು. ಹುನಗುಂದದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಬಂದಿದ್ದರು. ಆದರೂ ಬಂದ ತಕ್ಷಣ ಮಗ್ಗಗಳನ್ನೆಲ್ಲ ಸುತ್ತಿ ನೋಡಿದರು, ಕೊಂಡಿಯ ಕೋಣೆಗೆ ಬಂದು ಆಪಾಳ ಪಕ್ಕ ಕೂತು ತಾವೂ ಒಂದು ಎಳೆ ಸಿಕ್ಕಿಸಲು ನೋಡಿದರು. ಹರಿಯಿತು. ನಕ್ಕರು. ನನಗೆ ಅವರು ಅಲ್ಲಿಯೇ ಹಿಡಿಸಿದರು.

ಮೇಡಂ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಹೆಸರು ಬರೆಯಬಾರದು, ಪಕ್ಕದವರದನ್ನು ನೋಡಬಾರದು. "ಕೊಂಡಿ ಹಾಕುವುದನ್ನು ಯಂತ್ರ ಕಲಿಯಲಿಕ್ಕೆ ಇನ್ನು ಎಷ್ಟು ವರ್ಷ ಬೇಕು? ನಿಮಗೆ ಅನಿಸಿದ್ದನ್ನ ಬರೀರಿ. ಎಲ್ಲರ ಚೀಟಿ ಓದಿ ಹೇಳ್ತೀನಿ. ಕಡಿಮೆ ಅಂದವರು ಯಾಕೆ ಅಂದರು, ಹೆಚ್ಚು ಅಂದವರು ಯಾಕೆ ಅಂದರು ಅಂತ ಕೇಳಿಕೊಂಡು ಇನ್ನೊಂದು ಸಲ ಬರೆಯೋಣ. ಹೀಗೆ ಮಾಡಿದರೆ ದೊಡ್ಡ ದನಿಯವರ ಹಿಂದೆ ಸಣ್ಣ ದನಿಯವರು ಹೋಗೋದು ತಪ್ಪುತ್ತೆ."

ಒಳ್ಳೆಯ ಉಪಾಯ. ಆದರೆ ನಮ್ಮ ಊರು ಅವರಿಗೆ ಗೊತ್ತಿರಲಿಲ್ಲ. ಭಾವನವರು ಪೆನ್ನು ತೆಗೆದು, ಬರೆಯುತ್ತ ಬರೆಯುತ್ತಲೇ ದೊಡ್ಡದಾಗಿ ಹೇಳಿದರು: "ನಾ ಎರಡು ವರ್ಷ ಅಂತ ಬರದೇನಿ ನೋಡ್ರೆಪಾ." ಮುಗಿಯಿತು. ಮೇಡಂ ಚೀಟಿ ಬಿಡಿಸುತ್ತ ಹೋದರು. ಎರಡು. ಎರಡು. ಎರಡು. ಒಬ್ಬನಂತೂ "ಅಧ್ಯಕ್ಷರು ಹೇಳಿದಷ್ಟು" ಎಂದೇ ಬರೆದಿದ್ದ. ಬೇರೆ ಅಂಕಿ ಇದ್ದದ್ದು ನನ್ನ ಚೀಟಿಯಲ್ಲಿ ಮಾತ್ರ, ಅದು ಯಾರದೆಂದು ಹೇಳಲು ಹೆಸರು ಬೇಕಿರಲಿಲ್ಲ. ಮೇಡಂ ಮುಖ ಸಣ್ಣದಾಯಿತು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಆ ಸೆರಗು ಬಾಯಿಗೆ ಒತ್ತಿದಾಗಲೇ ನನಗೆ ಕೆರೂರಿನ ಸಂತೆ ನೆನಪಾಯಿತು.

ನನ್ನ ತವರು ಕೆರೂರು. ಅಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದವನು. ಎತ್ತು ಕೊಳ್ಳುವವನು, ಮಾರುವವನು ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿಯುತ್ತಾರೆ. ಒಂದು ಬೆರಳಿಗೆ ಒಂದು, ಮುಂಗೈ ಹಿಡಿದರೆ ಹತ್ತು. ಸುತ್ತ ನೂರು ಜನ ನಿಂತಿದ್ದರೂ ಒಳಗಿನದು ಮೂವರಿಗೆ ಮಾತ್ರ ಗೊತ್ತು: ಕೊಡುವವನಿಗೆ, ಕೊಳ್ಳುವವನಿಗೆ, ದಲಾಲಿಗೆ. ಅಲ್ಲಿ ಗೌಡನ ಬೆರಳೂ ಒಂದೇ, ಆಳಿನ ಬೆರಳೂ ಒಂದೇ. ಸಣ್ಣವಳಿದ್ದಾಗ ನಾನು ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಅಲುಗಾಡುವ ಟವೆಲ್ಲನ್ನು ನೋಡುತ್ತ ಬೆಲೆ ಊಹಿಸುತ್ತಿದ್ದೆ. ಮನೆಗೆ ಬಂದು ಹೇಳಿದರೆ ಅಪ್ಪ ಸರಿಯೋ ತಪ್ಪೋ ಹೇಳುತ್ತಿರಲಿಲ್ಲ. "ಟವೆಲ್ಲಿನ ಕೆಳಗಿಂದು ಟವೆಲ್ಲಿನ ಕೆಳಗ" ಅನ್ನುತ್ತಿದ್ದ. ನನಗೂ ಕೈ ಹಾಕಬೇಕೆಂದು ಭಾಳ ಆಸೆಯಿತ್ತು. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ.

ಮೇಡಂ ಕಿವಿಯಲ್ಲಿ ಇದನ್ನು ಹೇಳಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು "ಇದೇ ಬೇಕಾಗಿತ್ತು, ಇದೇ! ನಮ್ಮ ಪುಸ್ತಕದಲ್ಲಿ ಇಷ್ಟು ಚೆಂದ ಇಲ್ಲ" ಅಂದರು. ಅವರ ಖುಷಿ ನೋಡಿ ನನಗೇ ಕೋಡು ಮೂಡಿದಂತಾಯಿತು.

ಒಂದು ತೊಡಕು ಉಳಿದಿತ್ತು. ಹೆಂಗಸರ ಬೆರಳು ನಾನು ಹಿಡಿಯಬಹುದು. ಗಂಡಸರ ಬೆರಳು? ಅದರಲ್ಲೂ ಮುಖ ಕೊಟ್ಟು ಮಾತೇ ಆಡದ ಭಾವನ ಬೆರಳು? ಅಪ್ಪನಿಗೆ ಫೋನ್ ಮಾಡಿದೆ. ಅವನು ಸಂತೆಗೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಎತ್ತು ಎಷ್ಟದಾವು?" ಎಂದ.

"ಎತ್ತಲ್ಲ ಯಪ್ಪಾ, ಮುಂದಿನ ಹತ್ತು ವರ್ಷದ ವ್ಯಾಪಾರ ಐತಿ."

ಎತ್ತಿನ ವಯಸ್ಸನ್ನು ಹಲ್ಲು ನೋಡಿಯೇ ಹೇಳುತ್ತಿದ್ದವನು ಅವನು. "ಹಲ್ಲ ಎಣಿಸಾಕ ಬರಂಗಿಲ್ಲಲ್ಲ ಅದರವು. ಆಗಲಿ, ಬರ್ತೇನಿ."

ಮುಂದಿನ ಮೀಟಿಂಗಿಗೆ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಹೆಗಲ ಮೇಲೆ ಹೊಸ ಟವೆಲ್ ಹಾಕಿಕೊಂಡು ಬಂದ. ಬೀಗರೇ ಬಂದಿದ್ದಾರೆಂದರೆ ಭಾವನವರಿಗೂ ಮರ್ಯಾದೆ ಕೊಡದೆ ಗತ್ಯಂತರವಿಲ್ಲ. ಅಪ್ಪ ಕಟ್ಟಳೆ ಹೇಳಿದ: ಬೆರಳು ಹಿಡಿಯುವಾಗ ಯಾರೂ ಬಾಯಿ ತೆರೆಯಬಾರದು, ಗಂಟಲು ಕೂಡ ಸರಿಮಾಡಿಕೊಳ್ಳಬಾರದು. ಹಿಂದೆ ಯಾರೋ ಕಿಸಕ್ಕೆಂದರು. ಭಾವನವರು ಗೋಡೆ ನೋಡಿದರು.

ಗಂಡಸರು ಒಬ್ಬೊಬ್ಬರಾಗಿ ಅಪ್ಪನ ಟವೆಲ್ಲಿಗೆ ಬಂದರು, ಹೆಂಗಸರು ನನ್ನ ಸೆರಗಿಗೆ. ಪ್ರಶ್ನೆ ಹಳೆಯದೇ, ಯಂತ್ರ ಕೊಂಡಿ ಕಲಿಯಲು ಎಷ್ಟು ವರ್ಷ? ಈಗ ಬೆರಳುಗಳು ಬೇರೆಯೇ ಮಾತಾಡಿದವು. ಒಬ್ಬಳು ಒಂದು ಬೆರಳು ಹಿಡಿದಳು, ಒಬ್ಬಳು ಮೂರು, ಒಬ್ಬಳು ಐದು. ಆಪಾ ನನ್ನ ಮುಂಗೈಯನ್ನೇ ಗಟ್ಟಿಯಾಗಿ ಹಿಡಿದುಬಿಟ್ಟಳು. ಇಷ್ಟು ವರ್ಷ ಒಟ್ಟಿಗೆ ಕೂತಿದ್ದೇವೆ, ಅವಳಿಗೆ ಇಷ್ಟು ಧೈರ್ಯವಿದೆಯೆಂದು ನನಗೆ ಆಗಲೇ ತಿಳಿದದ್ದು. ಇದನ್ನು ಬರೆಯಲು ಅವಳೇ ಒಪ್ಪಿದ್ದಾಳೆ, ಕೇಳಿಯೇ ಬರೆದಿದ್ದೇನೆ.

ಎರಡೂ ಕಡೆಯದು ಮುಗಿದ ಮೇಲೆ ಲೆಕ್ಕ ಕೂಡಿಸಬೇಕಲ್ಲ. ಅಪ್ಪ ಎದ್ದು ಬಂದು ನನ್ನೆದುರು ಕೂತ, ನಮ್ಮಿಬ್ಬರ ಕೈಗಳ ಮೇಲೆ ಟವೆಲ್ ಹೊದಿಸಿದ. ಅವನ ಬೆರಳುಗಳು ಒರಟಾಗಿದ್ದವು, ಬೆಚ್ಚಗಿದ್ದವು. ಗಂಡಸರ ಲೆಕ್ಕವನ್ನು ಸರಸರನೆ ನನ್ನ ಬೆರಳಿಗೆ ಕೊಟ್ಟ. ಹೆಂಗಸರದ್ದನ್ನು ನಾನು ಅವನಿಗೆ ಕೊಟ್ಟೆ. ಒಂದು ಕಡೆಯೂ ತಪ್ಪಲಿಲ್ಲ. ಅಪ್ಪ ಹುಬ್ಬು ಏರಿಸಿ, "ಯಾರ ಕಲಿಸಿದ್ರು ನಿನಗ?" ಎಂದ.

"ಚಾದಂಗಡಿ ಕಟ್ಟಿ ಮ್ಯಾಲೆ ಕುಂತು ಕಲ್ತೇನಿ" ಅಂದೆ. ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಠರಾವು ಏನೇ ಆಗಲಿ, ನನ್ನದೊಂದು ಗೆಲುವು ಅಲ್ಲಿಯೇ ಆಗಿಹೋಗಿತ್ತು.

ಮೇಡಂ ಹಲಗೆಯ ಮೇಲೆ ಬರೆದರು. ಒಂದರಿಂದ ಹತ್ತರವರೆಗೆ ಹರಡಿಕೊಂಡಿದ್ದವು ವರ್ಷಗಳು. ಎರಡು ಅಂದವರು ಬೆರಳೆಣಿಕೆಯವರು. "ಹಿಂದ ಎಲ್ಲಾರೂ ಎರಡು ಅಂದಿದ್ರಲ್ಲೋ?" ಎಂದು ಒಬ್ಬ ಅಜ್ಜ ಕೇಳಿದ. ಎಲ್ಲರೂ ಹಲಗೆಯನ್ನೇ ನೋಡಿದರು.

ಕಾರಣಗಳನ್ನು ಅಪ್ಪನ ಕಿವಿಯಲ್ಲೋ ನನ್ನ ಕಿವಿಯಲ್ಲೋ ಹೇಳಬೇಕು, ನಾವು ಹೆಸರಿಲ್ಲದೆ ಸಾರಬೇಕು. ಕಡಿಮೆ ಅಂದವರ ಮಾತು: "ಫೋನಿನ್ಯಾಗ ಡಿಸೈನ್ ತಗೀತಾವು ಹುಡುಗ್ರು. ಹತ್ತು ವರ್ಷದ ಹಿಂದ ಯಾರ ನಂಬತಿದ್ರು?" ಹೆಚ್ಚು ಅಂದವರ ಮಾತು: "ಮಶೀನು ನಿಲ್ಲದ ಓಡಿದ್ರ ಲಾಭ. ಸೀರಿಗೊಮ್ಮೆ ನಿಂದರೂ ಮಶೀನು ಯಾಂವ ಮಾಡ್ತಾನು?" ಇನ್ನೊಂದು ಮಾತು ನನ್ನದೇ, ಆದರೆ ಹೆಸರಿಲ್ಲದೆ ಸಾರಿದೆ: "ತಿಳಿದವರು ಸೀರಿ ತಗೊಳ್ಳುವಾಗ ಮೊದಲ ಸೆರಗ ಮಗುಚಿ ಕೊಂಡಿ ನೋಡ್ತಾರು. ಬಾದಾಮಿ ಸೀರಿ ಮಗುಚಿ ನೋಡ್ರಿ." ಈ ಸಲ ಚಹಾ ಬರುವುದನ್ನು ನಾನೇ ತಡೆದಿಟ್ಟಿದ್ದೆ. ಸೀರೆ ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರೂ ಮಗುಚಿ ನೋಡಿದರು, ಬೆರಳಾಡಿಸಿದರು, ಮೂಗು ಮುರಿದರು.

ಎರಡನೆಯ ಸಲ ಬೆರಳು ಹಿಡಿದಾಗ ವರ್ಷಗಳು ಹತ್ತಿರ ಹತ್ತಿರ ಬಂದವು. ಹೆಚ್ಚಿನವು ಐದರ ಸುತ್ತ. "ಎತ್ತಿನ ವ್ಯಾಪಾರದಾಗೂ ಹಿಂಗ ಬಂದಮ್ಯಾಲೇ ಕುದುರೂದು" ಎಂದ ಅಪ್ಪ.

ಈಗ ಮುಖ್ಯವಾದದ್ದು. ಪವರ್‌ಲೂಮ್ ಬೇಕೆಂದರೆ ಹೆಬ್ಬೆರಳು, ಕೈಮಗ್ಗ ಮತ್ತು ಕೊಂಡಿ ಉಳಿಯಬೇಕೆಂದರೆ ಕಿರುಬೆರಳು. ನನ್ನ ಸೆರಗಿನ ಕೆಳಗೆ ಬಂದದ್ದೆಲ್ಲ ಕಿರುಬೆರಳು. ಅದು ನಿರೀಕ್ಷಿಸಿದ್ದೇ. ಗಂಡಸರ ಸಾಲು ಉದ್ದವಿತ್ತು. ಆಪಾ ನನ್ನ ಹಿಂದೆ ಕೂತು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಕೊನೆಗೆ ಅಪ್ಪ ಬಂದು ಟವೆಲ್ ಹೊದಿಸಿದ. ಕಿರುಬೆರಳು, ಕಿರುಬೆರಳು, ಕಿರುಬೆರಳು. ನಂಬಲಾಗದೆ ಅವನ ಮುಖ ನೋಡಿದೆ. ಕೊನೆಯಲ್ಲಿ ಒಂದೇ ಒಂದು ಹೆಬ್ಬೆರಳು.

ನಾನು ಎದ್ದು ನಿಂತು ಹೇಳಿದೆ. ಕೋಣೆಯ ತುಂಬ ಗದ್ದಲವೋ ಗದ್ದಲ. ಆಮೇಲೆ ಎಲ್ಲರ ಕಣ್ಣೂ ಭಾವನವರ ಕಡೆ ತಿರುಗಿದವು. ಒಂದು ಹೆಬ್ಬೆರಳು ಯಾರದೆಂದು ಕೇಳಬೇಕೇನು?

ಭಾವನವರು ಗೋಡೆ ನೋಡಲಿಲ್ಲ. ಜನರನ್ನೇ ನೋಡಿದರು. "ನಂದಲ್ಲದು."

ಯಾರಿಗೂ ನಂಬಿಕೆ ಬರಲಿಲ್ಲ.

"ಖರೇನ. ನಾನೂ ಕಿರಿಬೆರಳ ಕೊಟ್ಟೇನಿ. ನಮ್ಮಪ್ಪನ ಮಗ್ಗ ತಗದು ಹಾಕಾಕ ನನಗ ಮನಸ್ಸಿತ್ತೇನು?"

"ಮತ್ತ ಅವತ್ತ ಯಾಕ ಹಂಗಂದ್ರಿ?" ಎಂದ ಅಜ್ಜ.

"ನಿಮ್ಮ ಹುಡುಗ್ರೆಲ್ಲಾ ಮಶೀನು ಮಶೀನು ಅಂತಿದ್ರು. ನಿಮಗ ಅದ ಬೇಕಾಗೈತಿ, ಹಿರೇ ಮನಶ್ಯಾ ನಾನ ಅಡ್ಡ ಬಂದೇನಿ ಅನ್ನಬಾರದಂತ ಅಂದೆ. ಒಬ್ಬರರ ಬ್ಯಾಡ ಅಂದ್ರೇನ್ರೋ?"

"ನೀವು ಅಂದ್ರಿ ಅಂತ ನಾವು ಹೂಂ ಅಂದ್ವಿ!"

ಮೊದಲು ಅಜ್ಜ ನಕ್ಕ. ಆಮೇಲೆ ಅಪ್ಪ. ಆಮೇಲೆ ಇಡೀ ಸಂಘ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾರಿಗೂ ಬೇಡವಾದದ್ದನ್ನು ಎಲ್ಲರೂ ಸೇರಿ, ಒಮ್ಮತದಿಂದ, ಚಹಾ ಕುಡಿದು ತೀರ್ಮಾನಿಸಿದ್ದೆವು. ಬೇಡ ಎಂದವಳು ನಾನೊಬ್ಬಳೇ, ನನ್ನದು ಗೋಡೆಗೆ ಹೋಗಿತ್ತು. ಇದಕ್ಕಿಂತ ದೊಡ್ಡ ಗಾಂಪರ ಕೂಟವನ್ನು ಹುಡುಕಿದರೂ ಸಿಗಲಾರದು. ಮೇಡಂ ಕಣ್ಣು ಒರೆಸಿಕೊಳ್ಳುತ್ತ, "ಎಲ್ಲಾ ಊರಾಗೂ ಹೀಗೇ ಆಗ್ತದ್ರಿ, ದೊಡ್ಡ ದೊಡ್ಡ ಕಂಪನಿಯೊಳಗೂ" ಎಂದರು.

"ಹಂಗಾರ ಆ ಹೆಬ್ಬಟ್ಟು ಯಾರದು?" ಒಬ್ಬ ಅಪ್ಪನನ್ನು ಕೇಳಿದ.

"ಕಡದು ಹಾಕಿದ್ರೂ ಹೇಳಂಗಿಲ್ಲ" ಎಂದ ಅಪ್ಪ.

ಹೇಳುವ ಅಗತ್ಯ ಬೀಳಲಿಲ್ಲ. ಹಿಂದಿನ ಸಾಲಿನಿಂದ ನನ್ನ ಗಂಡ ಎದ್ದು ನಿಂತ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ! ನನ್ನ ಕಿವಿ ಮತ್ತೆ ಬಿಸಿಯಾದವು.

"ನಂದ. ಕೊಂಡಿ ಮ್ಯಾಲೆ ಸಿಟ್ಟಿಲ್ಲ ನನಗ. ಆದ್ರ ಕುಣಿ ಮಗ್ಗದಾಗ ಕಾಲ ಇಳಿಬಿಟ್ಟು ದಿನಾ ತುಳಿದು ತುಳಿದು ಮೊಣಕಾಲು ಸುಣ್ಣ ಆಗ್ಯಾವು. ಇನ್ನೈದು ವರ್ಷ ಕೊಂಡಿ ಉಳೀತೈತಿ ಅಂದ್ರಿ. ತುಳಿಯೂ ಕಾಲು ಉಳೀತಾವೇನು? ಅದನ್ನ ಯಾರೂ ಕೇಳಲಿಲ್ಲ."

ನಗು ನಿಂತಿತು. ಗಂಡಸರಲ್ಲಿ ಎಷ್ಟೋ ಮಂದಿ ತಮ್ಮ ತಮ್ಮ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡದ್ದನ್ನು ನಾನು ಕಂಡೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವನ ಮೇಲೆ ಹೆಮ್ಮೆ ಎನಿಸಿತು. ಟವೆಲ್ಲಿನ ಕೆಳಗೂ ನಿಜ ಹೇಳಿ, ಮೇಲೂ ನಿಜ ಹೇಳಿದವನು ಅವನೊಬ್ಬನೇ.

ಮೇಡಂ ನಿಧಾನವಾಗಿ ಹೇಳಿದರು. ಬೇರೆ ಊರಿನಲ್ಲಿ ಕೈಮಗ್ಗಕ್ಕೇ ಒಂದು ಸಣ್ಣ ಮೋಟಾರು ಕೂಡಿಸಿದ್ದನ್ನು ಅವರು ನೋಡಿದ್ದರು. ಅದು ನೇಯುವುದಿಲ್ಲ, ಕಾಲಿನಿಂದ ತುಳಿದು ಎಳೆ ಎತ್ತುವ ಕೆಲಸವನ್ನಷ್ಟೇ ಮಾಡುತ್ತದೆ. ಲಾಳಿ, ಸೆರಗು, ಎಲ್ಲ ಕೈಯದೇ.

ಆಪಾ ಮೊದಲ ಬಾರಿಗೆ ಮೀಟಿಂಗಿನಲ್ಲಿ ಬಾಯಿ ತೆರೆದಳು: "ಅದು ಜಗ್ಗಿದ್ರ ಕೊಂಡಿ ಹರಿಯಂಗಿಲ್ಲೇನ್ರಿ?"

"ಗೊತ್ತಿಲ್ಲ" ಎಂದರು ಮೇಡಂ. "ಮೊದಲು ಒಂದೇ ಮಗ್ಗಕ್ಕೆ ಹಾಕಿ ನೋಡಬೇಕು."

"ನನ್ನ ಮಗ್ಗಕ್ಕ ಹಾಕ್ರಿ" ಎಂದರು ಭಾವನವರು. "ಹರಿದ್ರ ನಂದ ಹರೀಲಿ."

ಹರಿಯಿತು. ಮೋಟಾರು ಮೊದಲ ಬಾರಿ ಎಳೆ ಎತ್ತಿದಾಗ ಕೊಂಡಿಯ ಹತ್ತಿರ ಪಟಪಟನೆ ಎಳೆಗಳು ತುಂಡಾದವು. "ಕೂಸು ಹುಟ್ಟೂ ಮೊದಲ ಕುಲಾವಿ ಹೊಲಿದ್ವಿ" ಎಂದು ಅಜ್ಜ ಗೊಣಗಿದ. ಆಪಾ ಮಾತ್ರ ಬಗ್ಗಿ ನೋಡಿ, ಕೊಂಡಿ ದಾಟುವವರೆಗೆ ಮೋಟಾರು ನಿಲ್ಲಿಸಿ ಕಾಲಿನಲ್ಲೇ ತುಳಿಯಿರಿ, ದಾಟಿದ ಮೇಲೆ ಹಚ್ಚಿರಿ ಎಂದಳು. ಮೇಡಂ ಮೆಕ್ಯಾನಿಕ್‌ನನ್ನು ಕರೆಸಿ ಮೋಟಾರಿನ ವೇಗ ಇಳಿಸಿದರು, ಕೈಗೆಟುಕುವಲ್ಲಿ ಒಂದು ಸ್ವಿಚ್ಚು ಕೂಡಿಸಿದರು. ಆ ಸೀರೆ ಮಗ್ಗದಿಂದ ಇಳಿದ ದಿನ ಇಡೀ ಸಂಘ ಸುತ್ತುವರಿದಿತ್ತು. ಭಾವನವರು ಸೆರಗು ಮಗುಚಿ ಬೆಳಕಿಗೆ ಹಿಡಿದರು. ಕೊಂಡಿ ಸಾಲಾಗಿ, ಒಂದೂ ತಪ್ಪದೆ ಕೂತಿತ್ತು. ನನ್ನ ಗಂಡ ಆ ಮಗ್ಗದಲ್ಲಿ ಇಳಿದು ಕೂತು ಕಾಲು ಚಾಚಿದ, ಸ್ವಿಚ್ಚು ಒತ್ತಿದ, ಎಳೆಗಳು ಮೆಲ್ಲಗೆ ಎದ್ದವು. "ಏ, ಕಾಲಿಗೆ ಕೆಲಸಾನ ಇಲ್ಲಲೇ!" ಎಂದು ಕೂಗಿದ. ನಾನು ಎಲ್ಲರೆದುರೇ ಚಪ್ಪಾಳೆ ಹೊಡೆದೆ.

ಠರಾವು ಹೋಯಿತು: ಪವರ್‌ಲೂಮ್ ಬೇಡ, ಎಲ್ಲ ಮಗ್ಗಕ್ಕೂ ಮೋಟಾರು ಬೇಕು, ಹಿಂದಿನ ಕೋಣೆಗೆ ದೊಡ್ಡ ಕಿಟಕಿ ಬೇಕು. ಕಿಟಕಿಯ ಮಾತು ಸೇರಿಸಿದ್ದು ಆಪಾ. ಈಗ ಅವಳು ಆ ಕಿಟಕಿಯ ಬೆಳಕಿನಲ್ಲಿ ಕೂತು ಕೊಂಡಿ ಹಾಕುತ್ತಾಳೆ, ಕೆಲಸ ಕಲಿಯಲು ಹೊಸಬರೂ ಬಂದಿದ್ದಾರೆ. ಯಂತ್ರ ಒಂದು ದಿನ ಕೊಂಡಿಯನ್ನೂ ಕಲಿತೀತು. ನಮ್ಮ ಬೆರಳುಗಳೇ ಹಾಗೆ ಹೇಳಿವೆ. ಆದ್ದರಿಂದ ವರ್ಷಕ್ಕೊಮ್ಮೆ ಅಪ್ಪನನ್ನು ಕರೆಸಿ ಮತ್ತೆ ಬೆರಳು ಹಿಡಿಯುವುದೆಂದು ಗೊತ್ತುಮಾಡಿದ್ದೇವೆ.

ಠರಾವಿನ ನಂತರದ ಮೀಟಿಂಗನ್ನು ನಾನು ಮರೆಯಲಾರೆ. ಸೀರೆಗಳನ್ನು ಫೋನಿನಲ್ಲೇ ತೋರಿಸಿ ಮಾರಬೇಕೋ ಬೇಡವೋ ಎಂಬುದು ಅಂದಿನ ವಿಷಯ. ಎಲ್ಲರೂ ಚಾಪೆಯ ಮೇಲೆ ಕೂತೆವು. ರೂಢಿಯಂತೆ ಎಲ್ಲರ ಕಣ್ಣೂ ಭಾವನವರ ಕಡೆ. ಅವರು ಗಂಟಲು ಸರಿಮಾಡಿಕೊಂಡರು. ನನ್ನ ಕಿವಿ ಬಿಸಿಯಾಗಲು ಶುರುವಾಯಿತು. ಅವರು ಹೆಗಲ ಮೇಲಿನ ಟವೆಲ್ ತೆಗೆದು, ಮಡಿಸಿ, ಎಲ್ಲರ ನಡುವೆ ನೆಲದ ಮೇಲಿಟ್ಟರು. ಆಮೇಲೆ ಗೋಡೆಯ ಕಡೆಗಲ್ಲ, ನನ್ನ ಕಡೆ ತಿರುಗಿದರು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ತಂಗೀ, ಮೊದಲ ನೀ ಹೇಳವಾ. ನಾ ಕಡೀಕ ಮಾತಾಡ್ತೇನಿ."

ಆಪಾ ಹಿಂದಿನಿಂದ ಬೆನ್ನಿಗೆ ತಿವಿದಳು. ಸೆರಗು ಸರಿಮಾಡಿಕೊಂಡು, ಭಾವನವರ ಮುಖ ನೋಡಿಯೇ ನಾನು ಶುರುಮಾಡಿದೆ.